ಅಣ್ಣನಿಗೆ ಒಗ್ಗಿದ ಮಾತ್ರೆ ತಮ್ಮನಿಗೆ ಏಕೆ ಒಗ್ಗಲಿಲ್ಲ?

ನನ್ನ ತಂಗಿಯನ್ನು ಕೊಟ್ಟಿರುವುದು ಹರಿಹರಕ್ಕೆ. ತುಂಗಭದ್ರೆಯ ಸೇತುವೆಯಿಂದ ಅವಳ ಮನೆಗೆ ನಡೆದು ಹೋಗುವಷ್ಟು ದೂರ. ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನಿಗೆ 2009ರಲ್ಲಿ ಶ್ವಾಸಕೋಶದ ಕ್ಷಯ ಬಂದಿತ್ತು. ಆಗ ಸರ್ಕಾರದ ಯೋಜನೆಯಂತೆ ವಾರಕ್ಕೆ ಮೂರು ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾರ್ಯಕರ್ತೆಯ ಕಣ್ಣೆದುರಿಗೇ ಮಾತ್ರೆಗಳನ್ನು ನುಂಗಿ, ಆರು ತಿಂಗಳಲ್ಲಿ ಗುಣಮುಖನಾದನು. ಒಂದು ದಿನವೂ ಊಟ ಬಿಡಲಿಲ್ಲ. ಹತ್ತು ವರ್ಷಗಳ ಬಳಿಕ, 2019ರಲ್ಲಿ, ಕಿರಿಯವನಿಗೂ ಅದೇ ರೋಗ ಕಾಣಿಸಿಕೊಂಡಿತು. ಮನೆಯವರಾರೂ ಎದೆಗುಂದಲಿಲ್ಲ. ಅಣ್ಣನಿಗೆ ವಾಸಿಯಾದದ್ದು ತಮ್ಮನಿಗೂ ಆಗುತ್ತದೆ, ಮಾತ್ರೆಯೂ ಅದೇ ಅಲ್ಲವೇ ಎಂಬ ಧೈರ್ಯ.

ಐದನೆಯ ವಾರದಲ್ಲಿ ಹುಡುಗನಿಗೆ ಅನ್ನ ಸೇರದಂತಾಯಿತು. ರೊಟ್ಟಿ ಬೇಯುವ ವಾಸನೆ ಬಂದರೆ ವಾಕರಿಕೆ. ಮೂತ್ರ ಕೆಂಪಗೆ ಹೋಗುತ್ತಿತ್ತು, ಆದರೆ ಈ ಮಾತ್ರೆ ನುಂಗಿದರೆ ಮೂತ್ರ ಕೆಂಪಾಗುತ್ತದೆಂದು ಮೊದಲೇ ಹೇಳಿದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣು ಹಳದಿಯಾದ ಮೇಲೆ ನೆರೆಮನೆಯ ಹಿರಿಯರೊಬ್ಬರು, ಇದು ಕಾಮಾಲೆ, ಇದಕ್ಕೆ ಇಂಗ್ಲಿಷ್ ಔಷಧವಿಲ್ಲ ಎಂದು ಹಳ್ಳಿಯೊಂದಕ್ಕೆ ಕರೆದೊಯ್ದು ಸೊಪ್ಪಿನ ರಸ ಕುಡಿಸಿದರು. ಇತ್ತ ಕ್ಷಯದ ಮಾತ್ರೆಯನ್ನೂ ನಿಲ್ಲಿಸಲಿಲ್ಲ. ನಾನು ದಾವಣಗೆರೆಯಿಂದ ಹೋಗಿ ಕೇಳಿದಾಗ ತಂಗಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಅಣ್ಣಾ, ಒಂದು ದಿನ ತಪ್ಪಿಸಿದ್ರೂ ರೋಗ ತಿರುಗಿ ಬರ್ತೈತಿ ಅಂತ ಹೇಳ್ಯಾರೆ. ಹೆಂಗೆ ಬಿಡಿಸ್ಲಿ?" ಹೀಗೆ ಒಂಬತ್ತು ದಿನ ಕಳೆದಿದ್ದವು. ಅಂದು ಸಂಜೆ ಹುಡುಗ ಹಗಲು ಯಾವುದು ರಾತ್ರಿ ಯಾವುದು ಎಂಬ ಪರಿವೆಯಿಲ್ಲದೆ ಮಲಗಿದ್ದನು. ಬಾಡಿಗೆಯ ವಾಹನದಲ್ಲಿ ದಾವಣಗೆರೆಯ ಆಸ್ಪತ್ರೆಗೆ ಕರೆತಂದೆವು. ರಕ್ತಪರೀಕ್ಷೆಯ ಚೀಟಿಯನ್ನು ನೋಡಿದ ವೈದ್ಯರು ಮೊದಲು ಮಾಡಿದ ಕೆಲಸ ಔಷಧ ಕೊಡುವುದಲ್ಲ, ನಿಲ್ಲಿಸುವುದು. "ಗುರುಗಳೇ, ರೋಗ ಇವನನ್ನು ಇಷ್ಟು ಬೇಗ ಕೊಲ್ಲುತ್ತಿರಲಿಲ್ಲ. ಮಾತ್ರೆ ಕೊಲ್ಲುತ್ತಿತ್ತು" ಎಂದರು.

ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕೋಶ, ಶಾಸ್ತ್ರಗಳನ್ನು ಓದಿದ ನನಗೆ ವೈದ್ಯವಿಜ್ಞಾನ ಹೊರಗಿನ ವಿಷಯ. ಯಕೃತ್ತೆಂಬ ಶಬ್ದಕ್ಕೆ ಕಾಲಖಂಡವೆಂದು ಅಮರಸಿಂಹನು ಕೊಟ್ಟ ಪರ್ಯಾಯಪದ ನನಗೆ ಬಾಯಿಪಾಠವಿತ್ತೇ ಹೊರತು ಆ ಅಂಗ ಮಾಡುವ ಕೆಲಸವೇನೆಂಬುದು ತಿಳಿದಿರಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕಳೆದ ಆ ಐದು ವಾರಗಳಲ್ಲಿ ಆ ವೈದ್ಯರನ್ನು ಕೇಳಿ, ಅವರು ಕೊಟ್ಟ ಪುಸ್ತಕ ಪತ್ರಿಕೆಗಳನ್ನು ಓದಿಸಿಕೊಂಡು, ಬಳಿಕವೂ ವಿಚಾರಿಸುತ್ತ ಬಂದು ತಿಳಿದುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ. ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಒಂದೇ ಗರ್ಭದಲ್ಲಿ ಹುಟ್ಟಿ, ಒಂದೇ ಮನೆಯ ಅನ್ನವುಂಡು ಬೆಳೆದ ಇಬ್ಬರಲ್ಲಿ ಒಬ್ಬನಿಗೆ ಪಥ್ಯವಾದದ್ದು ಇನ್ನೊಬ್ಬನಿಗೆ ವಿಷವಾದದ್ದು ಏಕೆ?

ಪಿತ್ತಜನಕಾಂಗವೆಂದು ಶಾಲೆಯ ಪುಸ್ತಕಗಳು ಕರೆಯುವ ಈ ಯಕೃತ್ತು ಬಲಪಕ್ಕೆಯ ಕೆಳಗೆ ಕುಳಿತು, ನಾವು ನುಂಗಿದ್ದೆಲ್ಲವನ್ನೂ ಸೋಸಿ, ಒಡೆದು, ಬೇಡವಾದದ್ದನ್ನು ಹೊರಹೋಗುವ ರೂಪಕ್ಕೆ ತರುತ್ತದೆ. ಔಷಧಗಳೂ ಇದಕ್ಕೆ ಹೊರತಲ್ಲ. ರೋಗಾಣುಗಳನ್ನು ಕೊಲ್ಲುವ ಪ್ರತಿಜೈವಿಕಗಳು, ಅಂದರೆ ಜನ ಆಂಟಿಬಯೋಟಿಕ್ ಎಂದು ಕರೆಯುವ ಔಷಧಗಳು, ಈ ಅಂಗದ ಮೂಲಕ ಹಾದುಹೋಗುವಾಗ ಕೆಲವರಲ್ಲಿ ಅದನ್ನೇ ಗಾಸಿಗೊಳಿಸುತ್ತವೆ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದ ವೈದ್ಯರು ಇಡೀ ದೇಶದ ಲೆಕ್ಕವಿಟ್ಟು 2013ರಲ್ಲಿ ಪ್ರಕಟಿಸಿದಂತೆ, ನಮ್ಮ ಪೇಟೆಯ ಔಷಧದಂಗಡಿಗಳಲ್ಲಿಯೂ ಧಾರಾಳವಾಗಿ ಮಾರಾಟವಾಗುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆಯಿಂದ ಯಕೃತ್ತು ಕೆಟ್ಟದ್ದು ಸುಮಾರು 2,350 ಮಂದಿಯಲ್ಲಿ ಒಬ್ಬರಿಗೆ. ಆದರೆ ಕ್ಷಯದ ಔಷಧಗಳ ವಿಷಯ ಬೇರೆ. ಅಲ್ಲಿ ಅಪಾಯದ ಪ್ರಮಾಣ ಬಹಳ ಹೆಚ್ಚು, ಏಕೆಂದರೆ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಎಂಬ ಮೂರು ಔಷಧಗಳು ಮೂರೂ ಯಕೃತ್ತಿಗೆ ಭಾರವಾದವು, ಅವನ್ನು ಒಟ್ಟಿಗೇ ನುಂಗಬೇಕು, ತಿಂಗಳುಗಟ್ಟಲೆ ನುಂಗಬೇಕು. (ಕಟ್ಟುನಿಟ್ಟಾಗಿ ಹೇಳುವುದಾದರೆ ಐಸೋನಿಯಾಜಿಡ್ ಜೀವಿಯೊಂದರಿಂದ ದೊರೆತದ್ದಲ್ಲ, ರಸಾಯನಶಾಲೆಯಲ್ಲಿ ಮಾಡಿದ್ದು. ಪಂಡಿತರು ಅದನ್ನು ಪ್ರತಿಜೈವಿಕವೆನ್ನಲು ಒಪ್ಪದೆ ಹೋಗಬಹುದು. ನಮ್ಮ ಪ್ರಸ್ತುತ ವಿಚಾರಕ್ಕೆ ಆ ಭೇದ ಮುಖ್ಯವಲ್ಲ.)

ಈ ವಿಷಯದಲ್ಲಿ ನಮ್ಮ ನಾಡಿನ ಲೆಕ್ಕವೇ ಜಗತ್ತಿಗೆ ಆಧಾರವಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿಯವರು ತಮ್ಮ ಆಸ್ಪತ್ರೆಗೆ ಔಷಧದಿಂದಲೇ ಯಕೃತ್ತು ಕೆಟ್ಟು ಬಂದ 313 ಮಂದಿಯ ವೃತ್ತಾಂತವನ್ನು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 58 ಮಂದಿಗೆ ಕಾರಣ ಕ್ಷಯದ ಔಷಧಗಳು. ಒಟ್ಟು ರೋಗಿಗಳಲ್ಲಿ ನೂರಕ್ಕೆ 17ಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ಬಳಿಕ ದೇಶದ ಹಲವು ಆಸ್ಪತ್ರೆಗಳನ್ನು ಕೂಡಿಸಿಕೊಂಡು 1,288 ರೋಗಿಗಳ ದಾಖಲೆಯನ್ನು 2021ರಲ್ಲಿ ಹೊರತಂದರು. ಅಲ್ಲಿಯೂ ಕ್ಷಯದ ಔಷಧಗಳದ್ದೇ ಮೊದಲ ಸ್ಥಾನ, ನೂರಕ್ಕೆ 46. ಎರಡನೆಯ ಸ್ಥಾನದಲ್ಲಿ, ನೂರಕ್ಕೆ ಸುಮಾರು 14ರಷ್ಟು, ನಾಟಿ ಹಾಗೂ ಗಿಡಮೂಲಿಕೆಯ ಔಷಧಗಳು. ಈ ಎರಡನೆಯ ಅಂಕಿಯನ್ನು ಓದಿದಾಗ ನನಗೆ ಹರಿಹರದ ಆ ಸೊಪ್ಪಿನ ರಸದ ಲೋಟ ನೆನಪಾಯಿತು.

ಇನ್ನು ಮೂಲಪ್ರಶ್ನೆಗೆ ಬರೋಣ. ಐಸೋನಿಯಾಜಿಡ್ ಎಂಬ ವಸ್ತುವನ್ನು ಪ್ರಾಗ್ ನಗರದಲ್ಲಿ 1912ರಲ್ಲಿಯೇ ತಯಾರಿಸಿದ್ದರಾದರೂ ಅದು ಕ್ಷಯವನ್ನು ಗುಣಪಡಿಸುತ್ತದೆಂಬುದು ಬೆಳಕಿಗೆ ಬಂದದ್ದು 1952ರಲ್ಲಿ, ನಲವತ್ತು ವರ್ಷಗಳ ಬಳಿಕ. ಕೊಡಲಾರಂಭಿಸಿದ ಕೆಲವೇ ವರ್ಷಗಳಲ್ಲಿ ವೈದ್ಯರು ಒಂದು ಸೋಜಿಗವನ್ನು ಕಂಡರು. ಒಂದೇ ತೂಕದ ಔಷಧವನ್ನು ಕೊಟ್ಟರೂ ಕೆಲವರ ರಕ್ತದಿಂದ ಅದು ಬೇಗನೆ ಮಾಯವಾಗುತ್ತಿತ್ತು, ಕೆಲವರಲ್ಲಿ ಬಹಳ ಹೊತ್ತು ಉಳಿಯುತ್ತಿತ್ತು. ಮನೆತನಗಳನ್ನು ಪರೀಕ್ಷಿಸಿ ನೋಡಿದಾಗ ಇದು ತಂದೆತಾಯಿಗಳಿಂದ ಬರುವ ಗುಣವೆಂದು 1960ರ ವೇಳೆಗೆ ಖಚಿತವಾಯಿತು.

ಈ ವಿಚಾರದಲ್ಲಿ ನಮ್ಮ ದಕ್ಷಿಣದೇಶದ ಪಾತ್ರ ಸಣ್ಣದಲ್ಲ. 1956ರಲ್ಲಿ ಮದರಾಸಿನಲ್ಲಿ ಕ್ಷಯಚಿಕಿತ್ಸಾ ಕೇಂದ್ರವೊಂದು ಆರಂಭವಾಯಿತು. ಅಲ್ಲಿಯವರೆಗೆ ಕ್ಷಯವೆಂದರೆ ಮೈಸೂರಿನ ಕೃಷ್ಣಾಜಮ್ಮಣ್ಣಿ ಆಸ್ಪತ್ರೆಯಂತಹ ಆರೋಗ್ಯಧಾಮಗಳಲ್ಲಿ ತಿಂಗಳಾನುಗಟ್ಟಲೆ ಇರಬೇಕಾದ ಕಾಯಿಲೆ. ಬಡವರಿಗೆ ಅದು ಎಟುಕದು. ಗುಡಿಸಿಲಲ್ಲಿಯೇ ಇದ್ದುಕೊಂಡು ಮಾತ್ರೆ ನುಂಗಿದರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣವಾಗುತ್ತದೆಂದು ಮದರಾಸಿನ ಕೇಂದ್ರ 1959ರಲ್ಲಿ ತೋರಿಸಿಕೊಟ್ಟಿತು, ಲೋಕದ ಪದ್ಧತಿಯೇ ಬದಲಾಯಿತು. ನನ್ನ ಸೋದರಳಿಯಂದಿರು ಮನೆಯಲ್ಲಿಯೇ ಇದ್ದು ಚಿಕಿತ್ಸೆ ಪಡೆಯಲು ಸಾಧ್ಯವಾದದ್ದು ಆ ಪ್ರಯೋಗದ ಫಲ. ಅದೇ ಕೇಂದ್ರದ ಜೀವರಸಾಯನ ವಿಭಾಗದಲ್ಲಿ ಗಂಗಾಧರಂ ಮತ್ತು ಸಂಗಡಿಗರು ದಕ್ಷಿಣ ಭಾರತದ ರೋಗಿಗಳ ಶರೀರ ಐಸೋನಿಯಾಜಿಡನ್ನು ಯಾವ ವೇಗದಲ್ಲಿ ನಿಷ್ಕ್ರಿಯಗೊಳಿಸುತ್ತದೆಂದು ಅಳೆದು 1961ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಹತ್ತು ಮಂದಿಯಲ್ಲಿ ಸುಮಾರು ಆರು ಮಂದಿ ನಿಧಾನಗತಿಯವರು. ಜಪಾನಿನಲ್ಲಿ ಇಂಥವರು ಹತ್ತರಲ್ಲಿ ಸುಮಾರು ಒಬ್ಬರು.

ನಿಧಾನಗತಿಯಿಂದ ಯಕೃತ್ತಿಗೆ ಕೇಡು ಹೇಗೆ? ಇದನ್ನು ತಿಳಿಯಲು ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಯ ದೃಷ್ಟಾಂತವನ್ನು ಹಿಡಿದುಕೊಂಡೆ. ಭಟ್ಟಿಯಲ್ಲಿ ಒಬ್ಬನೇ ಆಳು ಎರಡು ಕೆಲಸ ಮಾಡುತ್ತಾನೆಂದು ಭಾವಿಸಿ. ಅಕ್ಕಿಯನ್ನು ಬಾಣಲೆಗೆ ಹಾಕುವವನೂ ಅವನೇ, ಅರಳಿದ ಮಂಡಕ್ಕಿಯನ್ನು ಹೊತ್ತುವುದಕ್ಕೆ ಮುಂಚೆ ಕೆಳಗಿಳಿಸುವವನೂ ಅವನೇ. ನಮ್ಮ ಶರೀರದಲ್ಲಿ ಈ ಆಳಿನ ಹೆಸರು ಎನ್‌ಎಟಿ-2. ಇದೊಂದು ಕಿಣ್ವ, ಎಂಟನೆಯ ವರ್ಣತಂತುವಿನ ಮೇಲಿರುವ ಅದೇ ಹೆಸರಿನ ವಂಶವಾಹಿ ಇದನ್ನು ತಯಾರಿಸುತ್ತದೆ. ಇದು ಐಸೋನಿಯಾಜಿಡನ್ನು ಮೊದಲು ಒಂದು ರೂಪಕ್ಕೆ ಬದಲಿಸುತ್ತದೆ, ಅದು ಒಡೆದು ಅಸಿಟೈಲ್ ಹೈಡ್ರಜೀನ್ ಎಂಬ ಪದಾರ್ಥ ಹುಟ್ಟುತ್ತದೆ, ಆ ಪದಾರ್ಥವನ್ನು ಮತ್ತೆ ಇದೇ ಕಿಣ್ವವೇ ನಿರುಪದ್ರವಿಯಾದ ಇನ್ನೊಂದು ರೂಪಕ್ಕೆ ತಿರುಗಿಸಿ ಹೊರಗೆ ಕಳುಹಿಸುತ್ತದೆ. ಆಳು ಮಂದಗತಿಯವನಾದರೆ ಎರಡನೆಯ ಕೆಲಸ ಹಿಂದೆ ಬೀಳುತ್ತದೆ. ಕೆಳಗಿಳಿಯದೆ ಉಳಿದದ್ದು ಬೇರೊಂದು ಕಿಣ್ವದ ಕೈಗೆ ಸಿಕ್ಕಿ, ಯಕೃತ್ತಿನ ಜೀವಕೋಶಗಳಿಗೇ ಅಂಟಿಕೊಂಡು ಅವನ್ನು ಸುಡುವ ತುಣುಕುಗಳಾಗುತ್ತದೆ.

ಪಂಡಿತರೂ ಇಲ್ಲಿ ಒಮ್ಮೆ ಎಡವಿದ್ದುಂಟು. 1970ರಲ್ಲಿ ಅಮೆರಿಕದ ರಾಜಧಾನಿಯಲ್ಲಿ ಕ್ಷಯ ಬಾರದಂತೆ ಮುನ್ನೆಚ್ಚರಿಕೆಯಾಗಿ 2,321 ಮಂದಿ ಸರ್ಕಾರಿ ನೌಕರರಿಗೆ ಐಸೋನಿಯಾಜಿಡ್ ಕೊಟ್ಟರು. 19 ಮಂದಿಗೆ ಯಕೃತ್ತಿನ ಉರಿಯೂತ ಬಂದು ಇಬ್ಬರು ಸತ್ತರು. ಕಾಯಿಲೆಯೇ ಇಲ್ಲದವರು ಔಷಧದಿಂದ ಸತ್ತದ್ದು ದೊಡ್ಡ ಸುದ್ದಿಯಾಯಿತು. ಅದರ ಕಾರಣವನ್ನು ಹುಡುಕಿದ ವಿದ್ವಾಂಸರು ಎಪ್ಪತ್ತರ ದಶಕದಲ್ಲಿ, ವೇಗಗತಿಯವರಿಗೇ ಅಪಾಯ ಹೆಚ್ಚೆಂದು ಪ್ರತಿಪಾದಿಸಿದರು. ಅವರು ಅಕ್ಕಿ ಹಾಕುವ ವೇಗವನ್ನಷ್ಟೇ ಲೆಕ್ಕ ಹಾಕಿ ಮಂಡಕ್ಕಿ ಇಳಿಸುವ ವೇಗವನ್ನು ಮರೆತಿದ್ದರು. ಬಳಿಕ ಬಂದ ಅಧ್ಯಯನಗಳು ಪೂರ್ವಪಕ್ಷವನ್ನು ತಲೆಕೆಳಗು ಮಾಡಿದವು. ತೈವಾನಿನಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಧಾನಗತಿಯವರಲ್ಲಿ ನೂರಕ್ಕೆ 26 ಮಂದಿಗೆ ತೊಂದರೆಯಾದರೆ ಉಳಿದವರಲ್ಲಿ 11 ಮಂದಿಗೆ ಮಾತ್ರ ಆಯಿತು. ಶಾಸ್ತ್ರವಾದಗಳಲ್ಲಿ ಸಿದ್ಧಾಂತ ಬದಲಾದರೆ ಅವಮಾನವೆಂದು ತಿಳಿಯುವ ನಮ್ಮವರು ಇದನ್ನು ಗಮನಿಸಬೇಕು.

ಈಗ ಇಬ್ಬರು ಸಹೋದರರ ಲೆಕ್ಕ. ಪ್ರತಿಯೊಬ್ಬರಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ತಂದೆಯದೊಂದು, ತಾಯಿಯದೊಂದು. ಎರಡೂ ಮಂದವಾಗಿದ್ದರೆ ಮಾತ್ರ ಆತ ಪೂರ್ಣ ನಿಧಾನಗತಿಯವನು. ತಂದೆಯಲ್ಲಿ ಒಂದು ಮಂದ ಒಂದು ಚುರುಕು, ತಾಯಿಯಲ್ಲಿಯೂ ಹಾಗೆಯೇ ಇದ್ದರೆ, ತಂದೆತಾಯಿಗಳಿಬ್ಬರೂ ಮಧ್ಯಮಗತಿಯವರು. ಅವರ ಮಕ್ಕಳಲ್ಲಿಯಾದರೋ ನಾಲ್ಕರಲ್ಲಿ ಒಂದು ಪಾಲು ನಿಧಾನ, ಒಂದು ಪಾಲು ಚುರುಕು, ಎರಡು ಪಾಲು ಮಧ್ಯಮ ಆಗುವ ಸಂಭವ. ಒಂದೇ ಗರ್ಭದಲ್ಲಿ ಹುಟ್ಟಿದವರೆಂಬ ಮಾತು ಇಲ್ಲಿ ನಡೆಯದು. ನನ್ನ ತಂಗಿಯ ಮನೆಯಲ್ಲಿ ಹೀಗೆಯೇ ಆಗಿತ್ತೆಂದು ನಾನು ಸಾಧಿಸಲಾರೆ, ಮಕ್ಕಳ ವಂಶವಾಹಿಯನ್ನು ಯಾರೂ ಪರೀಕ್ಷಿಸಿಲ್ಲ. ಅಲ್ಲದೆ ಅಣ್ಣನು ನುಂಗಿದ್ದು ವಾರಕ್ಕೆ ಮೂರು ದಿನ, 2017ರ ಬಳಿಕ ನಿತ್ಯ ನುಂಗುವ ಪದ್ಧತಿ ಬಂದದ್ದರಿಂದ ತಮ್ಮನು ನುಂಗಿದ್ದು ಪ್ರತಿದಿನ. ಆದ್ದರಿಂದ "ಮಾತ್ರೆಯೂ ಅದೇ" ಎಂಬ ನಮ್ಮ ಧೈರ್ಯವೂ ಪೂರ್ತಿ ನಿಜವಾಗಿರಲಿಲ್ಲ.

ನಿಧಾನಗತಿಯವರೆಲ್ಲರಿಗೂ ಕಾಮಾಲೆ ಬರುತ್ತದೆಯೇ? ಇಲ್ಲ. ಬರುವುದಾದರೆ ದಕ್ಷಿಣ ಭಾರತದಲ್ಲಿ ಕ್ಷಯದ ಚಿಕಿತ್ಸೆಯೇ ಸಾಧ್ಯವಾಗುತ್ತಿರಲಿಲ್ಲ. ವಯಸ್ಸು, ಪೋಷಣೆಯ ಕೊರತೆ, ಮದ್ಯಪಾನ, ಮೊದಲೇ ಇದ್ದ ಯಕೃತ್ತಿನ ಸೋಂಕು ಇವೆಲ್ಲ ಸೇರಿಕೊಳ್ಳಬೇಕು. ಅದರ ಜೊತೆಗೆ ಇನ್ನೊಂದು ಬಗೆಯ ಆನುವಂಶಿಕ ಕಾರಣವೂ ಇದೆ, ಅದು ಆರನೆಯ ವರ್ಣತಂತುವಿನ ಮೇಲಿನ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪು. ಮೂತ್ರಪಿಂಡವನ್ನು ದಾನ ಮಾಡುವಾಗ ಹೊಂದಾಣಿಕೆ ನೋಡುವುದು ಇದನ್ನೇ. ನಮ್ಮ ಜೀವಕೋಶಗಳು ತಮ್ಮೊಳಗಿನ ಚೂರುಪಾರುಗಳನ್ನು ಒಂದು ಹರಿವಾಣದಲ್ಲಿಟ್ಟು ಹೊರಗಿನ ಕಾವಲುಗಾರರಿಗೆ ತೋರಿಸುತ್ತಲೇ ಇರುತ್ತವೆ. ಆ ಹರಿವಾಣವೇ ಎಚ್‌ಎಲ್‌ಎ. ಹರಿವಾಣದ ಆಕಾರ ಮನುಷ್ಯನಿಂದ ಮನುಷ್ಯನಿಗೆ ಬೇರೆ. ಕೆಲವು ಆಕಾರದ ಹರಿವಾಣದಲ್ಲಿ ಔಷಧ ಅಂಟಿದ ಚೂರು ಸರಿಯಾಗಿ ಕುಳಿತುಬಿಡುತ್ತದೆ, ಕಾವಲುಗಾರರು ಅದನ್ನು ಶತ್ರುವೆಂದು ತಿಳಿದು ತಮ್ಮದೇ ಯಕೃತ್ತಿನ ಮೇಲೆ ಬೀಳುತ್ತಾರೆ.

ಬೆಲ್ಜಿಯಂ ದೇಶದಲ್ಲಿ 1999ರಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಿಂದ ಕಾಮಾಲೆಯಾದವರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಡಿಆರ್‌ಬಿ-1 15:01 ಎಂಬ ಒಂದೇ ಆಕಾರ ಸಿಕ್ಕಿತು. ಬ್ರಿಟನ್ನಿನಲ್ಲಿ ಬಹಳವಾಗಿ ಬಳಸುವ ಫ್ಲೂಕ್ಲಾಕ್ಸಾಸಿಲಿನ್ ವಿಷಯದಲ್ಲಿ 2009ರಲ್ಲಿ ಇನ್ನೂ ಬಲವಾದ ನಂಟು ಕಂಡಿತು. ಬಿ 57:01 ಎಂಬ ಆಕಾರವುಳ್ಳವರಿಗೆ ಅಪಾಯ ಎಂಬತ್ತು ಪಟ್ಟು ಹೆಚ್ಚು. ಹಾಗಿದ್ದರೂ ಆ ಆಕಾರವುಳ್ಳ ಐನೂರರಿಂದ ಸಾವಿರ ಮಂದಿ ಔಷಧ ನುಂಗಿದರೆ ಕಾಮಾಲೆಯಾಗುವುದು ಒಬ್ಬರಿಗೆ. ಎಂಬತ್ತು ಪಟ್ಟು ಎಂಬುದನ್ನು ಕೇಳಿ ಬೆದರುವವರು ಈ ಎರಡನೆಯ ಮಾತನ್ನೂ ಕೇಳಬೇಕು. ಕ್ಷಯದ ಔಷಧಗಳ ವಿಷಯದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು 346 ರೋಗಿಗಳನ್ನು ಗಮನಿಸಿ 2002ರಲ್ಲಿಯೇ ಎಚ್‌ಎಲ್‌ಎಯ ಪಾತ್ರವಿದೆಯೆಂದು ತೋರಿಸಿದ್ದರು. ದೇವರಭಾವಿಯವರೂ ವಿದೇಶದ ಸಂಶೋಧಕರೂ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎನ್‌ಎಟಿ-2ರ ಅತಿ ಮಂದವಾದ ರೂಪವೂ ಎಚ್‌ಎಲ್‌ಎಯ ಒಂದು ಆಕಾರವೂ, ಎರಡೂ ಹೊಣೆಯೆಂದು ಕಂಡುಬಂದಿತು. ಆದರೆ ಯಾವುದೊಂದೂ ಒಂಟಿಯಾಗಿ ಅಪರಾಧಿಯಲ್ಲ.

ಇದನ್ನು ಮೊದಲೇ ಪರೀಕ್ಷಿಸಿ ಔಷಧದ ತೂಕವನ್ನು ಹೊಂದಿಸಬಾರದೇಕೆ ಎಂದು ನಾನು ವೈದ್ಯರನ್ನು ಕೇಳಿದೆ. ಜಪಾನಿನಲ್ಲಿ ಹಾಗೆ ಮಾಡಿ ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ನಿಧಾನಗತಿಯವರಿಗೆ ಐಸೋನಿಯಾಜಿಡನ್ನು ಅರ್ಧಕ್ಕಿಳಿಸಿ ಕೊಟ್ಟಾಗ ಒಬ್ಬರಿಗೂ ಯಕೃತ್ತು ಕೆಡಲಿಲ್ಲ. ಅದೇ ನಿಧಾನಗತಿಯವರಿಗೆ ಎಲ್ಲರಂತೆ ಕೊಟ್ಟಾಗ ನೂರಕ್ಕೆ 78 ಮಂದಿಗೆ ಕೆಟ್ಟಿತು. ಸಣ್ಣ ಪ್ರಯೋಗ, ಆದರೆ ಕಣ್ಣು ತೆರೆಸುವಂಥದು. ನಮ್ಮಲ್ಲಿ ನಾಲ್ಕು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸಿ, ತೂಕ ನೋಡಿ ಇಷ್ಟು ಮಾತ್ರೆ ಎಂದು ಕೊಡುವುದು. ಅದರಲ್ಲಿ ಒಂದನ್ನು ಮಾತ್ರ ಅರ್ಧ ಮಾಡುವಂತಿಲ್ಲ. ಲಕ್ಷಾಂತರ ರೋಗಿಗಳಿಗೆ ತಪ್ಪದೆ ತಲುಪಿಸಬೇಕಾದ ಯೋಜನೆಗೆ ಒಂದೇ ಮಾತ್ರೆಯ ಸರಳತೆ ಬೇಕೇ ಬೇಕು, ಅದನ್ನು ನಾನು ಹಳಿಯಲಾರೆ. ಆದರೆ ಹತ್ತರಲ್ಲಿ ಆರು ಮಂದಿ ನಿಧಾನಗತಿಯವರಿರುವ ನಾಡಿನಲ್ಲಿ, ಆರು ದಶಕಗಳ ಹಿಂದೆಯೇ ನಮ್ಮವರೇ ಅದನ್ನು ಅಳೆದಿಟ್ಟಿರುವಾಗ, ಕನಿಷ್ಠ ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಯಕೃತ್ತಿನ ರಕ್ತಪರೀಕ್ಷೆಯನ್ನು ಎಲ್ಲ ಬಡವರಿಗೂ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ನಾನು ಈ ಲೇಖನಕ್ಕೆ ಕೈಹಾಕಲು ಇನ್ನೊಂದು ಕಾರಣವಿದೆ. ಹುಡುಗ ಗುಣವಾಗಿ ಮನೆಗೆ ಬಂದ ಮರುವರ್ಷ ಅವನಿಗೆ ಸಂಬಂಧ ನೋಡುತ್ತಿದ್ದೆವು. ಹೆಣ್ಣಿನ ಕಡೆಯವರು ಎಲ್ಲ ಒಪ್ಪಿಕೊಂಡು, ತಾಂಬೂಲ ಬದಲಾಯಿಸುವ ಮುನ್ನ, "ರಕ್ತದಲ್ಲೇ ದೋಷ ಇದೆಯಂತಲ್ಲ, ಮಕ್ಕಳಿಗೂ ಬರುತ್ತಂತಲ್ಲ" ಎಂದು ಹಿಂದೆ ಸರಿದರು. ಅರೆಬರೆ ಕೇಳಿದ ವಿಜ್ಞಾನ ಜಾತಕದ ಕುಜದೋಷಕ್ಕಿಂತ ಕೆಟ್ಟದ್ದು. ನಿಧಾನಗತಿ ದೋಷವಾಗಿದ್ದರೆ ದಕ್ಷಿಣ ಭಾರತದ ಅರ್ಧಕ್ಕಿಂತ ಹೆಚ್ಚು ಜನ ದೋಷಿಗಳು, ಆ ಹೆಣ್ಣಿನ ತಂದೆಯೂ ಬಹುಶಃ ಅದರಲ್ಲಿ ಸೇರಿದವರು. ಆ ಔಷಧ ನುಂಗುವ ಪ್ರಸಂಗ ಬಾರದಿದ್ದರೆ ಅದು ಇದೆಯೆಂಬುದೇ ತಿಳಿಯದೆ ನೂರು ವರ್ಷ ಬಾಳಬಹುದು. ಸೋದರಮಾವನಿಗೆ ಕೊಟ್ಟದ್ದರಿಂದ ಹೀಗಾಯಿತೇ ಎಂದು ತಂಗಿಯೂ ಒಮ್ಮೆ ಕೇಳಿದಳು, ಏಕೆಂದರೆ ಅವಳನ್ನು ಕೊಟ್ಟಿರುವುದು ನಮ್ಮ ತಾಯಿಯ ತಮ್ಮನಿಗೇ. ವೈದ್ಯರು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಮಂದ ರೂಪ ಇಷ್ಟು ಸಾಮಾನ್ಯವಾಗಿರುವ ಕಡೆ ಸೋದರಮಾವನ ಸಂಬಂಧದಲ್ಲಿ ಹುಟ್ಟಿದ ಮಕ್ಕಳು ನಿಧಾನಗತಿಯವರಾಗುವ ಸಂಭವ ನೂರಕ್ಕೆ 60 ಇದ್ದದ್ದು 62 ಆಗುತ್ತದೆ, ಅಷ್ಟೇ. ರಕ್ತಸಂಬಂಧದ ವಿವಾಹದಿಂದ ಬೇರೆ ಅಪರೂಪದ ಕಾಯಿಲೆಗಳು ಹೆಚ್ಚುತ್ತವೆ, ಅದಕ್ಕಾಗಿ ಅದನ್ನು ಬಿಡುವುದು ಒಳ್ಳೆಯದು. ಆದರೆ ಈ ಒಂದು ಕಾಮಾಲೆಯ ಹೊಣೆಯನ್ನು ಅದರ ಮೇಲೆ ಹೊರಿಸುವುದು ಸಲ್ಲದು. ನನ್ನ ತಂಗಿ ಆ ಕಾಗದವನ್ನು ಕೇಳಿ ಪಡೆದು ಮಡಚಿಟ್ಟುಕೊಂಡಳು.

ತಮ್ಮತಮ್ಮಲ್ಲೇ ಕೊಟ್ಟು ತಂದುಕೊಳ್ಳುವ ಸಮುದಾಯಗಳಲ್ಲಿ ಇಂಥ ಗುಣವೊಂದು ಸಾಂದ್ರವಾಗಿ ನಿಲ್ಲುವುದೂ ಉಂಟು. ಆರ್ಯವೈಶ್ಯ ಸಮಾಜದ ಉದಾಹರಣೆ ಪ್ರಸಿದ್ಧ. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಚುಚ್ಚುಮದ್ದು ಕೆಲವು ನಿಮಿಷಗಳಲ್ಲಿ ಇಳಿಯಬೇಕು, ಅವರಲ್ಲಿ ಕೆಲವರಿಗೆ ಗಂಟೆಗಟ್ಟಲೆ ಇಳಿಯದೆ ಉಸಿರಾಟವೇ ನಿಲ್ಲುತ್ತಿತ್ತು. ಅದಕ್ಕೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನು ಕೊಯಮತ್ತೂರಿನ ಸಂಶೋಧಕರು 2006ರಲ್ಲಿ ಗುರುತಿಸಿದರು. ಈಗ ಅರಿವಳಿಕೆಯ ವೈದ್ಯರು ಆ ಸಮಾಜದವರೆಂದು ತಿಳಿದರೆ ಬೇರೆ ಔಷಧ ಬಳಸುತ್ತಾರೆ. ಯಾರೂ ಅದನ್ನು ಕಳಂಕವೆನ್ನುವುದಿಲ್ಲ, ಜೀವ ಉಳಿಸುವ ತಿಳಿವಳಿಕೆ ಎನ್ನುತ್ತಾರೆ. ಒಳಪಂಗಡಗಳನ್ನು ಮೀರಿ ಹೆಣ್ಣುಗಂಡು ಹುಡುಕಲು ಈಗಲೂ ಹಿಂಜರಿಯುವ ನಮ್ಮ ಮನೆತನಗಳಿಗೂ ಇದರಲ್ಲಿ ತಿಳಿಯಬೇಕಾದದ್ದಿದೆ.

ಆಯುರ್ವೇದದಲ್ಲಿ ಸಾತ್ಮ್ಯ, ಅಸಾತ್ಮ್ಯವೆಂಬ ವಿಚಾರವಿದೆ. ಒಬ್ಬನಿಗೆ ಒಗ್ಗುವುದು ಇನ್ನೊಬ್ಬನಿಗೆ ಒಗ್ಗದೆಂಬುದನ್ನು ನಮ್ಮ ಹಿರಿಯರು ಕಂಡಿದ್ದರು. ಆದ್ದರಿಂದ ವಂಶವಾಹಿಯ ವಿಜ್ಞಾನವೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ವೇದಿಕೆಯ ಮೇಲೆ ಹೇಳುವವರ ಸಾಲಿಗೆ ನಾನು ಸೇರುವುದಿಲ್ಲ. ಕಂಡದ್ದು ಬೇರೆ, ಕಾರಣವನ್ನು ಅಳೆದದ್ದು ಬೇರೆ. ಹಾಗೆಯೇ ಗಿಡಮೂಲಿಕೆಯಾದ್ದರಿಂದ ಕೇಡಿಲ್ಲವೆಂಬ ನಂಬಿಕೆಯನ್ನೂ ತಿದ್ದಿಕೊಳ್ಳಬೇಕು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿಯೂ ಅಮೃತಬಳ್ಳಿಯ ಕಷಾಯ ಕುಡಿದರಷ್ಟೆ. ಅದನ್ನು ಕುಡಿದು ಯಕೃತ್ತು ಕೆಟ್ಟವರ ವರದಿ ಮುಂಬಯಿಯಿಂದ 2021ರಲ್ಲಿ ಬಂದಿತು, ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ 43 ಮಂದಿಯ ವೃತ್ತಾಂತ ಪ್ರಕಟವಾಯಿತು. ಆಯುಷ್ ಸಚಿವಾಲಯ ಮೊದಲ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಕಣ್ಣು ಹಳದಿಯಾಗಿರುವವನ ಯಕೃತ್ತಿನ ಮೇಲೆ ಇನ್ನೊಂದು ಭಾರ ಹೇರುವುದು ಯಾವ ಶಾಸ್ತ್ರಕ್ಕೂ ಒಪ್ಪುವಂಥದಲ್ಲ.

ತಾಯಂದಿರು ಗಮನದಲ್ಲಿಡಬೇಕಾದ ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳುತ್ತೇನೆ, ನಾವು ಮೋಸಹೋದದ್ದು ಅಲ್ಲಿಯೇ. ರಿಫಾಂಪಿಸಿನ್ ನುಂಗಿದವರ ಮೂತ್ರ ಮೊದಲ ದಿನದಿಂದಲೇ ಕಿತ್ತಳೆಗೆಂಪಾಗಿರುತ್ತದೆ, ಅದರಿಂದ ಕೇಡಿಲ್ಲ. ಆದರೆ ಊಟ ಸೇರದಿರುವುದು, ವಾಕರಿಕೆ, ಕಾರಣವಿಲ್ಲದ ಸುಸ್ತು, ಬಲಪಕ್ಕೆಯಲ್ಲಿ ನೋವು ಇವು ಹೊಸದಾಗಿ ಶುರುವಾದರೆ, ಕಣ್ಣು ಹಳದಿಯಾಗುವವರೆಗೆ ಕಾಯದೆ, ಅಂದೇ ಮಾತ್ರೆ ಕೊಟ್ಟ ವೈದ್ಯರಲ್ಲಿಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕಣ್ಣಿನ ಬಿಳಿಭಾಗವನ್ನು ಕಿಟಕಿಯ ಬೆಳಕಿನಲ್ಲಿ ನೋಡಬೇಕು, ವಿದ್ಯುದ್ದೀಪದಲ್ಲಿ ತಿಳಿಯುವುದಿಲ್ಲ. ಒಂದು ಮಾತ್ರೆಯನ್ನೂ ತಪ್ಪಿಸಬೇಡಿರೆಂಬ ಉಪದೇಶ ಸರಿಯಾದದ್ದೇ, ಅದನ್ನು ಪಾಲಿಸದೆ ನಡುವೆಯೇ ಬಿಟ್ಟು ರೋಗ ಮರುಕಳಿಸಿ ಸತ್ತವರನ್ನೂ ನಾನು ಬಲ್ಲೆ. ಆದರೆ ಕಾಮಾಲೆಯಾದವನಿಗೆ ಆ ಉಪದೇಶ ಅನ್ವಯಿಸುವುದಿಲ್ಲ. ಇನ್ನು ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಂಥ ಔಷಧಗಳಲ್ಲಿ ಕಾಮಾಲೆ ಮಾತ್ರೆ ಮುಗಿದ ಕೆಲವು ವಾರಗಳ ಬಳಿಕ ಕಾಣಿಸಿಕೊಳ್ಳುವುದೂ ಉಂಟು. ಆದ್ದರಿಂದ ವೈದ್ಯರು ಕೇಳಿದಾಗ ಈ ದಿನ ನುಂಗಿದ್ದನ್ನಷ್ಟೇ ಹೇಳಿದರೆ ಸಾಲದು, ಹಿಂದಿನ ಎರಡು ಮೂರು ತಿಂಗಳಲ್ಲಿ ನುಂಗಿದ್ದೆಲ್ಲವನ್ನೂ, ಕಷಾಯ ಲೇಹ್ಯಗಳನ್ನೂ ಸೇರಿಸಿ ಹೇಳಬೇಕು. ನೆಗಡಿಗೂ ಜ್ವರಕ್ಕೂ ಅಂಗಡಿಯವನನ್ನೇ ಕೇಳಿ ಹೆಸರು ತಿಳಿಯದ ನಾಲ್ಕು ಮಾತ್ರೆ ಕಟ್ಟಿಸಿಕೊಂಡು ಬರುವ ನಮ್ಮ ಅಭ್ಯಾಸದಿಂದ ಇದು ಸಾಧ್ಯವೇ ಆಗುವುದಿಲ್ಲ.

ಒಮ್ಮೆ ಒಂದು ಔಷಧದಿಂದ ಯಕೃತ್ತು ಕೆಟ್ಟವನಿಗೆ ಅದನ್ನೇ ಮತ್ತೆ ಕೊಟ್ಟರೆ ಎರಡನೆಯ ಸಲದ ಹೊಡೆತ ಮೊದಲಿನದಕ್ಕಿಂತ ಕ್ರೂರವಾಗಬಹುದು. ಒಡಹುಟ್ಟಿದವರಲ್ಲಿಯೂ ಎಚ್ಚರ ಬೇಕು. ಎಚ್‌ಎಲ್‌ಎಯ ಹರಿವಾಣಗಳು ತಂದೆಯಿಂದ ಒಂದು ಜೊತೆ, ತಾಯಿಯಿಂದ ಒಂದು ಜೊತೆಯಾಗಿ ಬರುವುದರಿಂದ ಇಬ್ಬರು ಸಹೋದರರಲ್ಲಿ ಎರಡೂ ಒಂದೇ ಆಗಿರುವ ಸಂಭವ ನಾಲ್ಕರಲ್ಲಿ ಒಂದು.

ನನ್ನ ಸೋದರಳಿಯನ ಯಕೃತ್ತು ತಾನಾಗಿಯೇ ಚೇತರಿಸಿಕೊಂಡಿತು. ಈ ಅಂಗಕ್ಕೆ ಅಂಥ ಶಕ್ತಿಯಿದೆ, ಕೇಡು ಮಾಡುವುದನ್ನು ಸಕಾಲದಲ್ಲಿ ನಿಲ್ಲಿಸಿದರೆ. ರಕ್ತಪರೀಕ್ಷೆ ಸರಿಬಂದ ಮೇಲೆ ಔಷಧಗಳನ್ನು ಒಂದೊಂದಾಗಿ, ನಡುನಡುವೆ ರಕ್ತ ನೋಡುತ್ತ ಮರಳಿ ಕೊಟ್ಟರು. ಪೈರಾಜಿನಮೈಡನ್ನು ಕೊಡಲೇ ಇಲ್ಲ. ಅದಿಲ್ಲದ್ದರಿಂದ ಆರು ತಿಂಗಳ ಚಿಕಿತ್ಸೆ ಒಂಬತ್ತು ತಿಂಗಳಾಯಿತು. ಈಗ ಅವನು ದಾವಣಗೆರೆಯಲ್ಲಿ ಬಿಡಿಭಾಗಗಳ ಅಂಗಡಿಯಿಟ್ಟಿದ್ದಾನೆ, ರಾಣೆಬೆನ್ನೂರಿನ ಕಡೆಯ ಹೆಣ್ಣನ್ನು ಮದುವೆಯಾಗಿದ್ದಾನೆ. ಹೆಣ್ಣಿನ ತಂದೆಗೆ ಎಲ್ಲವನ್ನೂ ಮೊದಲೇ ಹೇಳಿದೆವು. ಅವರು ನಿವೃತ್ತ ಶಾಲಾ ಮಾಸ್ತರು, ಸಾವಧಾನವಾಗಿ ಕೇಳಿ, "ಹಂಗಾದ್ರೆ ಹುಡುಗನ ಚೀಟಿ ನಮ್ಮ ಮನ್ಯಾಗೂ ಒಂದು ಇರ್ಲಿ" ಎಂದರು. ಆ ಚೀಟಿಯಲ್ಲಿ ಅವನಿಗೆ ಒಗ್ಗದ ಔಷಧದ ಹೆಸರು, ವರ್ಷ, ಅಂದಿನ ರಕ್ತಪರೀಕ್ಷೆಯ ಅಂಕಿಗಳನ್ನು ವೈದ್ಯರು ತಮ್ಮ ಕೈಯಲ್ಲಿಯೇ ಬರೆದುಕೊಟ್ಟಿದ್ದಾರೆ. ಒಂದು ಪ್ರತಿ ಅವನ ಜೇಬಿನಲ್ಲಿದೆ, ಒಂದು ರಾಣೆಬೆನ್ನೂರಿನಲ್ಲಿದೆ, ಇನ್ನೊಂದನ್ನು ನನ್ನ ತಂಗಿ ಹರಿಹರದ ಮನೆಯ ದೇವರಕೋಣೆಯ ಗೂಡಿನಲ್ಲಿ, ವಿಭೂತಿಯ ಕರಡಿಗೆಯ ಕೆಳಗೆ ಇಟ್ಟಿದ್ದಾಳೆ.